ನಾತಾನನ ಕಥೆ ಯಾರ ಮುಂದೆ?

ಅಧಿಕಾರಸ್ಥರನ್ನು ಪ್ರಶ್ನಿಸಿದ ಕ್ರೈಸ್ತ ಧರ್ಮಗುರುಗಳ ಮಾತು ಬಂದಾಗ ಮಿಲಾನಿನ ಬಿಷಪ್ ಆಂಬ್ರೋಸನ ಹೆಸರು ಬಂದೇ ಬರುತ್ತದೆ. ಕ್ರಿ.ಶ. 390ರಲ್ಲಿ ಥೆಸಲೋನಿಕದ ಜನ ದಂಗೆಯೆದ್ದು ಬುಥೆರಿಕ್ ಎಂಬ ಸೇನಾಧಿಕಾರಿಯನ್ನು ಕೊಂದರು. ಅದಕ್ಕೆ ಪ್ರತಿಯಾಗಿ ಚಕ್ರವರ್ತಿ ಥಿಯೊಡೋಸಿಯಸನ ಸೈನಿಕರು ಊರಿನವರನ್ನು ಸಿಕ್ಕಸಿಕ್ಕಲ್ಲಿ ಕೊಚ್ಚಿಹಾಕಿದರು. ಸತ್ತವರು 7,000 ಎನ್ನುತ್ತಾನೆ ಮುಂದಿನ ಶತಮಾನದ ಥಿಯೊಡೊರೆಟ್.

ಆಂಬ್ರೋಸ್ ಚರ್ಚಿನ ಬಾಗಿಲಲ್ಲೇ ನಿಂತು ಚಕ್ರವರ್ತಿಯನ್ನು ತಡೆದನೆಂಬ ದೃಶ್ಯವನ್ನು ರೂಬೆನ್ಸ್ ಬಣ್ಣದಲ್ಲಿ ಬರೆದು ಅಜರಾಮರಗೊಳಿಸಿದ. ಆದರೆ ನಡೆದದ್ದು ಇಷ್ಟು ನಾಟಕೀಯವಾಗಿರಲಿಲ್ಲ. ಆಂಬ್ರೋಸ್ ಅನಾರೋಗ್ಯದ ಕಾರಣ ಹೇಳಿ ಊರಿನಿಂದ ಹೊರಗುಳಿದ. ಬೇರೆ ಯಾರ ಕಣ್ಣಿಗೂ ಬೀಳದಿರಲೆಂದು ತನ್ನ ಕೈಯಾರೆ ಪತ್ರ ಬರೆದ. ನೀನು ಎದುರಿಗಿರುವಾಗ ಬಲಿಪೂಜೆ ಅರ್ಪಿಸಲಾರೆ, ದಾವೀದನಂತೆ ಪಶ್ಚಾತ್ತಾಪಪಡು ಎಂಬುದು ಅದರ ಸಾರ. ಥಿಯೊಡೋಸಿಯಸ್ ಸಭೆಯ ಎದುರು ಪಶ್ಚಾತ್ತಾಪಪಟ್ಟ.

ನನಗೆ ಪತ್ರದ ಈ ಆಂಬ್ರೋಸನೇ ಇಷ್ಟ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ ಕ್ರಮವೂ ಅದೇ: ತಪ್ಪು ಮಾಡಿದವನೊಡನೆ ಮೊದಲು ಒಂಟಿಯಾಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಿ, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಗುಟ್ಟು ಇರುವುದು ಮನುಷ್ಯನ ಮಾನ ಉಳಿಸಲು, ತಪ್ಪನ್ನು ಉಳಿಸಲು ಅಲ್ಲ. ಮನೆಯ ಮಾತು ಬೀದಿಗೆ ಬರಬಾರದು ಎನ್ನುವ ನಾವು ಮೊದಲ ಮೆಟ್ಟಿಲಲ್ಲೇ ಕೂತುಬಿಡುತ್ತೇವೆ.

ಆಂಬ್ರೋಸನ ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎರಡು ವರ್ಷ ಹಿಂದೆ, 388ರಲ್ಲಿ, ಯೂಫ್ರೆಟಿಸ್ ದಂಡೆಯ ಕ್ಯಾಲಿನಿಕಮ್ ಊರಿನಲ್ಲಿ (ಇಂದಿನ ಸಿರಿಯಾದ ರಕ್ಕಾ) ಕ್ರೈಸ್ತರು ಯೆಹೂದ್ಯರ ಸಭಾಮಂದಿರಕ್ಕೆ ಬೆಂಕಿ ಹಚ್ಚಿದ್ದರು. ಪ್ರಚೋದನೆ ಅಲ್ಲಿನ ಬಿಷಪನದೇ ಎಂಬ ಆರೋಪವಿತ್ತು. ಅವನ ಖರ್ಚಿನಲ್ಲೇ ಮಂದಿರ ಮತ್ತೆ ಕಟ್ಟಿಸಬೇಕೆಂದು ಇದೇ ಥಿಯೊಡೋಸಿಯಸ್ ಆಜ್ಞೆ ಮಾಡಿದ. ಸುಟ್ಟವನು ಕಟ್ಟಿಕೊಡಲಿ, ಇದರಲ್ಲಿ ಅನ್ಯಾಯವೇನಿದೆ? ಆಂಬ್ರೋಸ್ ಒಪ್ಪಲಿಲ್ಲ. ಮೊದಲು ಪತ್ರ ಬರೆದ, ಆಮೇಲೆ ಚರ್ಚಿನಲ್ಲೇ ಚಕ್ರವರ್ತಿಗೆ ಎದುರಾದ. ಪ್ರಕರಣವನ್ನೇ ಕೈಬಿಡುವ ಮಾತು ಸಿಗುವವರೆಗೆ ಬಲಿಪೂಜೆಗೆ ಮುಂದಾಗಲಿಲ್ಲ. ಚಕ್ರವರ್ತಿ ಸೋತ. ಸಭಾಮಂದಿರ ಕಳೆದುಕೊಂಡವರಿಗೆ ನ್ಯಾಯ ಸಿಗಲಿಲ್ಲ.

ಧೈರ್ಯವೂ ಅದೇ, ಆಯುಧವೂ ಅದೇ. ಎರಡೂ ಸಲ ಆಂಬ್ರೋಸ್ ನೆನೆದದ್ದು ಪ್ರವಾದಿ ನಾತಾನನನ್ನೇ. ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿ, ಆ ಶ್ರೀಮಂತ ನೀನೇ ಎಂದು ದಾವೀದನಿಗೆ ತೋರಿಸಿಕೊಟ್ಟವನು ನಾತಾನ. ಆ ಕಥೆಯ ಶಕ್ತಿಯೆಲ್ಲ ಇರುವುದು ಕುರಿ ಕಳೆದುಕೊಂಡವನ ಪರ ನಿಲ್ಲುವುದರಲ್ಲಿ. ಕ್ಯಾಲಿನಿಕಮ್‌ನಲ್ಲಿ ಕುರಿ ಕಳೆದುಕೊಂಡವರು ಯೆಹೂದ್ಯರು. ಅಲ್ಲಿ ನಾತಾನನ ಹೆಸರು ಅವರ ವಿರುದ್ಧವೇ ಬಳಕೆಯಾಯಿತು.

ಅದು ಆ ಕಾಲದ ಮನೋಧರ್ಮ, ಇಂದಿನ ಅಳತೆಗೋಲು ಬೇಡ ಎನ್ನುವವರಿದ್ದಾರೆ. ಆದರೆ ಅಳತೆಗೋಲು ಇಂದಿನದಲ್ಲ. ಆಂಬ್ರೋಸನಿಗಿಂತ ಮೂರು ಶತಮಾನ ಮೊದಲೇ ಪೌಲನು ಕೊರಿಂಥದವರಿಗೆ ಬರೆದಿದ್ದ: ಹೊರಗಿನವರ ತೀರ್ಪು ದೇವರಿಗಿರಲಿ, ನೀವು ವಿಚಾರಿಸಬೇಕಾದದ್ದು ಒಳಗಿನವರನ್ನು. ಕ್ಯಾಲಿನಿಕಮ್‌ನ ಬಿಷಪನಿಗಿಂತ ಒಳಗಿನವನು ಇನ್ಯಾರು? ಮಿಲಾನಿನಿಂದ ಅವನಿಗೂ ಕೈಯಾರೆ ಬರೆದ ಒಂದು ಪತ್ರ ಹೋಗಬಹುದಿತ್ತು.