ಹೊಟ್ಟೆ ಕಾಣದ ದಿನಗಳ ದಣಿವು

ಬೆಳಗಿನ ಹೊತ್ತು ಹುರುಳಿಕಾಯಿ ನಾರು ತೆಗೆಯುತ್ತ ಕೂತ ಸೊಸೆ ಹಾಗೆಯೇ ಗೋಡೆಗೊರಗಿ ಕಣ್ಣು ಮುಚ್ಚಿಬಿಡುತ್ತಾಳೆ. ಮೊರದಲ್ಲಿ ಅರ್ಧ ಮುರಿದ ಕಾಯಿ, ಮಡಿಲಲ್ಲಿ ನಾರು. ಕುಕ್ಕರ್ ಕೂಗಿದಾಗ ಬೆಚ್ಚಿ ಎದ್ದು, ಯಾರಾದರೂ ನೋಡಿಬಿಟ್ಟರೇನೋ ಎಂದು ಸುತ್ತ ಕಣ್ಣಾಡಿಸುತ್ತಾಳೆ. ರಾತ್ರಿ ಎಲ್ಲರಿಗಿಂತ ಮುಂಚೆ ಮಲಗಿದವಳಿಗೆ ಇದೆಂಥ ನಿದ್ದೆ ಎಂದು ಮನೆಯವರಿಗೆ ಅನಿಸುವುದುಂಟು. ಎರಡು ತಿಂಗಳ ಬಸುರಿ ಎಂದು ಗೊತ್ತಿದ್ದರೂ ಹೊಟ್ಟೆ ಇನ್ನೂ ಕಾಣುವುದಿಲ್ಲವಲ್ಲ; ಭಾರವೆಲ್ಲ ಏಳನೇ ತಿಂಗಳ ಮೇಲೆ ಎಂಬುದು ನಮ್ಮ ಲೆಕ್ಕ. ಮೈಯ ಲೆಕ್ಕ ಬೇರೆ. ಗರ್ಭ ನಿಂತ ಕೆಲವೇ ವಾರಗಳಲ್ಲಿ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಏರುತ್ತದೆ. ಗರ್ಭವನ್ನು ಕಾಪಾಡುವ ಅದೇ ಹಾರ್ಮೋನು ನಿದ್ದೆಯ ಮಂಪರನ್ನೂ ತರುತ್ತದೆ. ಮಗುವಿಗೆ ಉಸಿರು, ಆಹಾರ ಎರಡನ್ನೂ ಒದಗಿಸುವ ಮಾಸು ರೂಪುಗೊಳ್ಳುವುದೂ ಆಗಲೇ. ರಕ್ತದ ಪ್ರಮಾಣ ಆಗಿನಿಂದಲೇ ಹೆಚ್ಚತೊಡಗಿ, ದಿನ ತುಂಬುವ ಹೊತ್ತಿಗೆ ಮೊದಲಿಗಿಂತ ಶೇ. 40ರಿಂದ 50ರಷ್ಟು ಜಾಸ್ತಿಯಾಗಿರುತ್ತದೆ. ಸುಮ್ಮನೆ ಕೂತಂತೆ ಕಾಣುವಾಗಲೂ ಅವಳ ಮೈ ಬಿಡುವಿಲ್ಲದೆ ದುಡಿಯುತ್ತಿರುತ್ತದೆ.

ಬಸುರಿಯ ಆರೈಕೆ ನಮ್ಮ ಮನೆಗಳಿಗೆ ಹೊಸದಲ್ಲ. ಸೀಮಂತವಿದೆ, ಉತ್ತರ ಕರ್ನಾಟಕದ ಕಡೆ ಕುಬುಸವಿದೆ, ಚೊಚ್ಚಲ ಹೆರಿಗೆಗೆ ತವರಿದೆ, ಆಮೇಲೆ ಎಣ್ಣೆನೀರಿನ ಬಾಣಂತನವಿದೆ. ಇದಕ್ಕೆಲ್ಲ ಹೊಟ್ಟೆ ಕಾಣಬೇಕು. ಮೂರು ತಿಂಗಳು ತುಂಬುವವರೆಗೆ ಸುದ್ದಿಯನ್ನೇ ಹೊರಗೆ ಬಿಡಬಾರದೆಂಬ ರೂಢಿ ಬೇರೆ. ಗರ್ಭ ಇಳಿದುಹೋಗುವ ಭಯ ಆ ದಿನಗಳಲ್ಲೇ ಹೆಚ್ಚು, ಹಾಗಾಗಿ ಆ ಸಂಕೋಚ ಅರ್ಥವಾಗುತ್ತದೆ. ಆದರೆ ಅತಿ ಹೆಚ್ಚು ದಣಿವು, ವಾಕರಿಕೆ ಇರುವುದೂ ಅದೇ ಮೂರು ತಿಂಗಳು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವಳು ಸೀಟು ಕೇಳಲಾರಳು, ಕಚೇರಿಯಲ್ಲಿ ತೂಕಡಿಸುವವಳು ಕಾರಣ ಹೇಳಲಾರಳು. ಊರಿಗೆಲ್ಲ ಸಾರಬೇಕಿಲ್ಲ. ಮನೆಯಲ್ಲಿ ಎಲ್ಲರಿಗೂ, ಕೆಲಸದ ಜಾಗದಲ್ಲಿ ಒಬ್ಬಿಬ್ಬರಿಗೆ ತಿಳಿದಿದ್ದರೆ ಸಾಕು. ‘ನಾವೇನು ಹೆತ್ತಿಲ್ವಾ? ನಾಟಿ ಹಾಕಿ ಬಂದು ಹೆತ್ತವರು ನಾವು’ ಎನ್ನುವ ಹಿರಿಯರಿದ್ದಾರೆ. ನಿಜವೇ. ಅವರೂ ಅಷ್ಟೇ ದಣಿದಿದ್ದರು, ‘ಸ್ವಲ್ಪ ಕೂತ್ಕೋ ತಾಯಿ’ ಅನ್ನುವವರು ಅವರ ಪಾಲಿಗೆ ಇರಲಿಲ್ಲ. ತಮಗೆ ಸಿಗದಿದ್ದುದನ್ನು ಸೊಸೆಗೆ ಕೊಡಬಲ್ಲವರು ಈಗ ಅವರೇ.

ಬಸುರಿಯರ ನಿತ್ರಾಣವನ್ನು ಒಬ್ಬರು ಮನಸ್ಸಿಟ್ಟು ಗಮನಿಸಿದ್ದರಿಂದ ಲೋಕಕ್ಕೇ ಉಪಕಾರವಾಗಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳ ಬಡ ಬಸುರಿಯರನ್ನು ಕಾಡುತ್ತಿದ್ದ ರಕ್ತಹೀನತೆಯ ಕಾರಣ ಹುಡುಕುತ್ತ, ಅವರು ಏನು ಉಣ್ಣುತ್ತಾರೆ ಎಂಬುದನ್ನು ಪರಿಶೀಲಿಸಿದರು. ಯೀಸ್ಟಿನಿಂದ ತೆಗೆದ ಮಾರ್ಮೈಟ್ ಎಂಬ ಅಗ್ಗದ ಸಾರವನ್ನು ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದ ಪೋಷಕವೇ ಮುಂದೆ ಫೋಲಿಕ್ ಆಮ್ಲ ಎನಿಸಿಕೊಂಡಿತು. ಇಂದು ನಾಲ್ಕನೇ ತಿಂಗಳಿನಿಂದ 180 ದಿನ ನುಂಗಲು ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ ಇರುವುದು ಅದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಬಸುರಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತ ಕಡಿಮೆ, ಅಂದರೆ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗೆ. ಆದ್ದರಿಂದ ‘ಬಸುರಿಯಲ್ಲಿ ಸುಸ್ತು ಸಹಜ’ ಎಂದು ಸುಮ್ಮನಾಗುವ ಮೊದಲು ರಕ್ತ ಪರೀಕ್ಷೆ ಆಗಿರಲಿ. ಮಾತ್ರೆಯಿಂದ ಮಲಬದ್ಧತೆ, ಹೊಟ್ಟೆ ತೊಳಸುವುದು ಆಗುವುದುಂಟು; ಎಷ್ಟೋ ಮಾತ್ರೆಗಳು ಡಬ್ಬಿಯಲ್ಲೇ ಉಳಿಯುವುದು ಅದಕ್ಕೆ. ರಾತ್ರಿ ಊಟವಾದ ಮೇಲೆ ನಿಂಬೆ ಪಾನಕದ ಜೊತೆ ನುಂಗಿದರೆ ಸಲೀಸು, ಕಬ್ಬಿಣವೂ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಆ ಹೊತ್ತಿಗೆ ಬೇಡ. ಮೆಟ್ಟಿಲೇರಿದರೆ ಏದುಸಿರು, ಎದೆಬಡಿತ, ತಲೆಸುತ್ತು, ಮುಖ-ಕೈ ಊದಿಕೊಂಡು ತಲೆನೋವು ಇವು ಕಂಡರೆ ತಪಾಸಣೆಯ ದಿನಕ್ಕೆ ಕಾಯದೆ ವೈದ್ಯರ ಬಳಿ ಹೋಗಬೇಕು.

ಉಳಿದದ್ದು ಮನೆಯವರ ಕೈಯಲ್ಲಿದೆ. ‘ರೆಸ್ಟ್ ತಗೋಮ್ಮ’ ಎಂದು ಹೇಳಿ ದೋಸೆಹಿಟ್ಟು ರುಬ್ಬುವುದನ್ನು ಅವಳಿಗೇ ಬಿಟ್ಟರೆ ಅವಳು ಮಲಗುವುದೆಂತು? ಗಂಡನಾದವನು ಅರ್ಧ ಗಂಟೆ ಮುಂಚೆ ಎದ್ದು ತಿಂಡಿಯ ಜವಾಬ್ದಾರಿ ಹೊತ್ತರೆ, ಒಗ್ಗರಣೆಯ ವಾಸನೆಗೇ ಓಕರಿಸುವವಳಿಗೆ ಮೊದಲ ಉಪಕಾರ ಅದು. ದಿಂಬಿನ ಪಕ್ಕ ಒಂದು ಬಾಳೆಹಣ್ಣೋ ನಾಲ್ಕು ರಸ್ಕೋ ಇದ್ದರೆ ಏಳುವ ಮೊದಲೇ ಹೊಟ್ಟೆಗೆ ಆಧಾರ. ಮಧ್ಯಾಹ್ನ ಎಡಮಗ್ಗುಲಾಗಿ ಒಂದು ಜೊಂಪು, ಸಂಜೆ ತಂಪಿನಲ್ಲಿ ಸ್ವಲ್ಪ ನಡಿಗೆ, ಇಷ್ಟಕ್ಕೇ ಮೈ ಎಷ್ಟೋ ಹಗುರಾಗುತ್ತದೆ. ಹಾಗೆಯೇ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಯೂ ಬಸುರಿಯಾಗಿರಬಹುದು. ಕಚೇರಿ, ಕಾರ್ಖಾನೆಗಳಲ್ಲಿ ದುಡಿಯುವವರಿಗೆ 2017ರ ತಿದ್ದುಪಡಿಯಿಂದ 26 ವಾರಗಳ ಸಂಬಳ ಸಹಿತ ರಜೆ ಬಂದಿದೆ. ಆಕೆಗೆ ಸಂಬಳ ಕೊಡುವವರು ನಾವೇ, ರಜೆ ಕೊಡಬೇಕಾದವರೂ ನಾವೇ. ಬಗ್ಗಿ ನೆಲ ಒರೆಸುವುದನ್ನು ಬಿಡಿಸಿ, ನಾವು ತಿನ್ನುವ ತಿಂಡಿಯನ್ನೇ ಆಕೆಗೂ ಕೂರಿಸಿ ಕೊಡೋಣ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ಮೀರಿದ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಂದಿನ ಪಾತ್ರೆಗಳನ್ನು ನಾವೇ ತೊಳೆದುಕೊಂಡು, ಸಂಬಳ ಹಿಡಿಯದೆ, ಆಟೋ ಖರ್ಚನ್ನೂ ಕೈಗಿಟ್ಟು ಆಕೆಯನ್ನು ಕಳಿಸಿಕೊಡೋಣ.