ಬೀಳು ಬಿಟ್ಟ ಗದ್ದೆ

ನಾಲೆ ಬತ್ತಿದ ಬೇಸಿಗೆಯಲ್ಲಿ ಭದ್ರಾ ಅಚ್ಚುಕಟ್ಟಿನ ಕತ್ತಲಗೆರೆಯ ಗದ್ದೆ ಬದುವಿನ ಮೇಲೆ ನಿಂತರೆ ಮನಸ್ಸು ಭಾರವಾಗುತ್ತದೆ. ನಾಟಿ ಹೆಂಗಸರ ಮಾತಿಲ್ಲ, ಕೆಸರು ಉಳುವ ಟ್ರ್ಯಾಕ್ಟರಿನ ಸದ್ದಿಲ್ಲ. ಕೊಯ್ದ ಭತ್ತದ ಕೂಳೆ ಒಣಗಿ ನಿಂತಿರುತ್ತದೆ, ನೆಲದ ಬಿರುಕಿನಲ್ಲಿ ಬೆರಳು ಇಳಿಯುತ್ತದೆ.

2024ರ ಬೇಸಿಗೆ ಹಾಗಿತ್ತು. ಹಿಂದಿನ ಮಳೆಗಾಲ ಕೈಕೊಟ್ಟು, 186 ಅಡಿಯ ಭದ್ರಾ ಜಲಾಶಯ ತುಂಬಲಿಲ್ಲ. ಇದ್ದ ನೀರು ಕುಡಿಯುವುದಕ್ಕೆ, ಅಡಿಕೆ ತೋಟ ಉಳಿಸಿಕೊಳ್ಳುವುದಕ್ಕೆ, ಭತ್ತಕ್ಕಿಲ್ಲ ಎಂದಾಯಿತು. ಅದನ್ನು ತಪ್ಪೆನ್ನಲಾರೆ. ಭತ್ತ ಒಂದು ಬೆಳೆ ತಪ್ಪಿದರೆ ಮುಂದೆ ಬೆಳೆದುಕೊಳ್ಳಬಹುದು, ವರ್ಷಗಟ್ಟಲೆ ಸಾಕಿದ ಅಡಿಕೆ ಮರ ಒಣಗಿದರೆ ಮರಳಿ ಬಾರದು. ಆದರೆ ಆ ತೋಟಗಳು ಉಳಿಯಲೆಂದು ಗದ್ದೆ ಬೀಳು ಬಿಟ್ಟವರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಬರ ಪರಿಹಾರದ ನಿಯಮವೇ ಹಾಗಿದೆ. ಬಿತ್ತಿದ ಬೆಳೆ ಶೇ 33ರಷ್ಟಾದರೂ ಹಾಳಾಗಿರಬೇಕು. ಹಾಗಿದ್ದರೆ 2024ರಲ್ಲಿ ನೀರಾವರಿ ಜಮೀನಿಗೆ ಸಿಗುತ್ತಿದ್ದದ್ದು ಹೆಕ್ಟೇರಿಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಧೈರ್ಯ ಮಾಡಿ ಬಿತ್ತಿ ಒಣಗಿಸಿಕೊಂಡವನಿಗೆ ನಷ್ಟವಾಯಿತು ಎನ್ನುತ್ತದೆ ಕಾಗದ. ನೀರು ಬಾರದೆಂದು ತಿಳಿದು, ಬೀಜ ಗೊಬ್ಬರ ಹಾಳು ಮಾಡದೆ ಸುಮ್ಮನಾದ ವಿವೇಕಿಗೆ ಅದರಲ್ಲಿ ಜಾಗವಿಲ್ಲ. ನನಗೆ ನೋಯುವುದು ಇದೇ.

ಬೇರೆ ಕಡೆ ಬೆಳೆ ಬಿಟ್ಟದ್ದಕ್ಕೂ ಬೆಲೆ ಕಟ್ಟಿದ್ದಾರೆ. ಅಂತರ್ಜಲ ಕುಸಿದ ಹರಿಯಾಣ 2020ರಲ್ಲಿ ಭತ್ತ ಬಿಟ್ಟು ಬೇರೆ ಬೆಳೆಗೆ ಹೋದವರಿಗೆ ಎಕರೆಗೆ 7,000 ರೂಪಾಯಿ ಘೋಷಿಸಿತು. ಅಮೆರಿಕದಲ್ಲಿ 1985ರ ಕಾನೂನಿನ ಪ್ರಕಾರ, ಸವೆಯುವ ಭೂಮಿಯನ್ನು ಹತ್ತು ಹದಿನೈದು ವರ್ಷ ಹುಲ್ಲಿಗೋ ಮರಕ್ಕೋ ಬಿಟ್ಟ ರೈತನಿಗೆ ವರ್ಷವರ್ಷವೂ ಬಾಡಿಗೆ ಸಿಗುತ್ತದೆ. ಅಲ್ಲಿ ಬೆಳೆಯದಿರುವುದೂ ದುಡಿಮೆಯೇ.

ಭತ್ತ ಬೆಳೆಯುವುದು ಹೇಗೆಂದು ಕೇಳಲು ಕತ್ತಲಗೆರೆಯಲ್ಲೇ ಕೃಷಿ ಸಂಶೋಧನಾ ಕೇಂದ್ರವಿದೆ. ಬೆಳೆಯದೆ ಬೇಸಿಗೆಯ ನಾಲ್ಕು ತಿಂಗಳು ಕಳೆಯುವುದು ಹೇಗೆಂದು ಕೇಳಲು ಯಾವ ಕಚೇರಿಯೂ ಇಲ್ಲ.

ಪರಿಹಾರದ ಹಣ ಬಂದರೂ ಅದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೇ ಹೋಗುತ್ತದೆ. ಗುತ್ತಿಗೆಗೆ ಗದ್ದೆ ಮಾಡುವವನ ಹೆಸರು ಪಹಣಿಯಲ್ಲಿಲ್ಲ. ನಾಟಿಯ ಕೂಲಿ ನಂಬಿ ಮಗಳ ಫೀಸಿಗೆ ಗಡುವು ಹೇಳಿ ಬಂದ ಹೆಂಗಸಿನ ಹೆಸರು ಎಲ್ಲಿಯೂ ಇಲ್ಲ. ಗದ್ದೆ ಬೀಳು ಬಿದ್ದಾಗ ಮೊದಲು ನಿಲ್ಲುವುದು ಅವಳ ಸಂಪಾದನೆ.

ಇನ್ನೊಮ್ಮೆ ಬೇಸಿಗೆಗೆ ನೀರಿಲ್ಲವೆಂದು ನೀರಾವರಿ ಸಭೆ ತೀರ್ಮಾನಿಸುವ ದಿನವೇ, ಬೀಳು ಬಿಡುವವರಿಗೆ ಎಕರೆಗೆ ಎಷ್ಟು ಎಂಬುದನ್ನೂ ಹೇಳಲಿ. ಅದರಲ್ಲಿ ಗುತ್ತಿಗೆ ರೈತನಿಗೂ, ನಾಟಿ ಹೆಂಗಸರಿಗೂ ಪಾಲಿರಲಿ.