ಪದ ಎತ್ತುವ ಹೊತ್ತು

ವಿಜಯನಗರದ ನಮ್ಮ ಮನೆಯ ತಾರಸಿ ಮೇಲೆ ಶೀಟು ಹೊದಿಸಿದ ಒಂದು ಕೋಣೆ ಇದೆ. ತಿಂಗಳಿಗೆ ಎರಡು ಭಾನುವಾರ ಅಲ್ಲಿ ಐದಾರು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟ ಇದು. ಒಬ್ಬ ಕತೆ ನಡೆಸುತ್ತಾನೆ, ಅವನಿಗೆ ಡಿಎಂ ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಆದೀತೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ನಮ್ಮಲ್ಲಿ ಡಿಎಂ ನಾನೇ. ಮನೆ ನಮ್ಮದು, ಕಾಫಿ ನಮ್ಮದು ಅನ್ನುವುದು ಬಿಟ್ಟರೆ ಅದಕ್ಕೆ ಬೇರೆ ಅರ್ಹತೆ ಇಲ್ಲ ಅಂತ ಅಮ್ಮನ ಅಭಿಪ್ರಾಯ.

ಒಂದು ಭಾನುವಾರ ಪುತ್ತೂರಿನಿಂದ ಬಂದಿದ್ದ ಸೋದರಮಾವ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಆಟ ನೋಡುತ್ತಿದ್ದರು. ಅವತ್ತೇ ನಮ್ಮ ರಾಜಾಜಿನಗರದ ಗೆಳೆಯ ಪುಸ್ತಕ ಬಿಚ್ಚಿದ. ರೂಲ್ ಬುಕ್ ಅವನಿಗೆ ಬಾಯಿಪಾಠ. ಅವನ ಪಾತ್ರ ಸೇತುವೆಯ ಪಕ್ಕ ಕತ್ತಲಲ್ಲಿ ಅಡಗಿತ್ತು. ಕಾವಲಿನ ರಾಕ್ಷಸ ಅವನನ್ನು ಕಂಡ ಅಂದೆ ನಾನು. ಅರವತ್ತು ಅಡಿಯಾಚೆ ಆ ಜಾತಿಗೆ ಕತ್ತಲಲ್ಲಿ ಕಾಣಿಸೋದಿಲ್ಲ ಅಂದ ಅವನು. ದೂರ ಅಷ್ಟಿಲ್ಲ ಅಂದೆ. ಹೋದ ಸಲ ಅಷ್ಟೇ ಅಂತ ನೀನೇ ಹೇಳಿದ್ದೆ ಅಂದ. ನಲವತ್ತು ನಿಮಿಷ. ಇಬ್ಬರು ಫೋನಿಗೆ ಇಳಿದರು, ಒಬ್ಬ ಗೋಡೆಗೊರಗಿ ಕಣ್ಣು ಮುಚ್ಚಿದ. ಕೊನೆಗೆ "ಡಿಎಂ ನಾನು, ನಾನು ಹೇಳಿದ್ದೇ ಆಯ್ತು" ಅಂದುಬಿಟ್ಟೆ. ಗೆದ್ದೆ. ಅದಾದ ಮೇಲೆ ಆಟ ಏಳಲೇ ಇಲ್ಲ.

ಎಲ್ಲರೂ ಹೋದ ಮೇಲೆ ಮಾವ ಕೇಳಿದರು: "ಭಾಗವತ ಎಲ್ಲಿಯಾದರೂ ಅರ್ಥಧಾರಿ ಹತ್ರ ವಾದಕ್ಕೆ ಕೂತದ್ದು ಉಂಟಾ? ನೀನು ಪದ ಎತ್ತಬೇಕಿತ್ತು ಮಾರಾಯ."

ಅವರ ಮಟ್ಟಿಗೆ ನಾವು ಆಡುತ್ತಿದ್ದದ್ದು ತಾಳಮದ್ದಳೆ. ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ರಾಮನೋ ಕರ್ಣನೋ ಆಗುತ್ತಾರೆ. ಭಾಗವತ ಪದ ಹಾಡುತ್ತಾನೆ, ಅವರು ಅದರ ಅರ್ಥ ಹೇಳುತ್ತಾ ಬರೆದಿಡದ ಮಾತನ್ನು ಅಲ್ಲೇ ಕಟ್ಟುತ್ತಾರೆ. ಪ್ರಸಂಗ ಎಲ್ಲಿಗೆ ಮುಟ್ಟುತ್ತದೆ ಅನ್ನುವುದು ಸಭೆಗೆ ಮೊದಲೇ ಗೊತ್ತು. ವಾಲಿ ಸಾಯುತ್ತಾನೆ. ಆದರೆ ಸಾಯುವ ಮೊದಲು ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಎಷ್ಟು ಪ್ರಶ್ನೆ ಕೇಳಬೇಕೋ ಕೇಳುತ್ತಾನೆ. ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಅಂದರೆ ಮಾವ ಇವತ್ತಿಗೂ ನೆಟ್ಟಗೆ ಕೂರುತ್ತಾರೆ. ವಾದದಲ್ಲಿ ವಾಲಿ ಗೆದ್ದರೂ ಕತೆಗೆ ಏನೂ ಆಗುವುದಿಲ್ಲ. ಭಾಗವತನಿಗೆ ಅದು ಗೊತ್ತು, ಅದಕ್ಕೇ ಅವನು ಗಾಬರಿಯಾಗುವುದಿಲ್ಲ. ಮಾತು ಹಿಂಜಿತು ಅನ್ನಿಸಿದಾಗ ಮುಂದಿನ ಪದ ಎತ್ತುತ್ತಾನೆ, ಅಷ್ಟೇ. ಬೇಗ ಎತ್ತಿದರೆ ಅರ್ಥಧಾರಿಗೆ ಮುಖಭಂಗ, ತಡವಾದರೆ ಸಭೆಗೆ ಆಕಳಿಕೆ. ವಿದ್ಯೆಯೆಲ್ಲ ಆ ನಡುವಿನ ಸಂದಿಯಲ್ಲಿದೆ.

ನನಗೆ ಗೆಲ್ಲಬೇಕಿತ್ತು. ರಾಜಾಜಿನಗರದವನಿಗೆ ಬೇಕಿದ್ದದ್ದು ಬೇರೆ. ಇಡೀ ಸಂಜೆ ಎಚ್ಚರದಿಂದ ಅಡಗಿದ್ದಕ್ಕೆ ಒಂದು ಬೆಲೆ ಬೇಕಿತ್ತು. ಮುಂದಿನ ಆಟಕ್ಕೆ ಅವನು ಪುಸ್ತಕಕ್ಕೆ ಕೈ ಹಾಕುವ ಮೊದಲೇ ಅಂದೆ: "ಸರಿ, ರಾಕ್ಷಸ ನಿನ್ನನ್ನ ಕಂಡಿಲ್ಲ. ಆದ್ರೆ ಹೊಳೆ ಏರ್ತಾ ಇದೆ, ನೀರು ಮೊಣಕಾಲಿಗೆ ಬಂತು. ಏನ್ಮಾಡ್ತೀಯ?" ಪುಸ್ತಕ ಮುಚ್ಚಿತು. ಪ್ರತಿ ಸಲ ಹೀಗೆ ಮುಚ್ಚುತ್ತದೆ ಅಂತಲ್ಲ.

ನನ್ನ ನಿಜವಾದ ತಪ್ಪು ನಡೆದದ್ದು ಗಲಾಟೆ ಮಾಡದವನ ವಿಷಯದಲ್ಲಿ. ಕೆಂಗೇರಿಯಿಂದ ಮೆಟ್ರೋ ಹಿಡಿದು ಬರುವ ಒಬ್ಬ ಹುಡುಗನಿದ್ದ. 2021ರಲ್ಲಿ ನೇರಳೆ ಮಾರ್ಗ ಕೆಂಗೇರಿ ಮುಟ್ಟಿದ್ದರಿಂದಲೇ ಅವನು ನಮಗೆ ಸಿಕ್ಕಿದ್ದು ಅನ್ನಬಹುದು. ಮೂರು ತಿಂಗಳು ಅವನ ಬಾಯಿಂದ ಬಂದದ್ದು ಒಂದೇ ಮಾತು: "ನಾನೂ ಇವ್ರ ಜೊತೆ." ಆಸಕ್ತಿ ಇಲ್ಲ ಅಂದುಕೊಂಡೆ. ಆಮೇಲೆ, ಸುಮ್ಮನಿರುವವರಿಗೆ ಅವಕಾಶ ಕೊಡಬೇಕು ಎಂಬ ಉತ್ಸಾಹ ಬಂತು. ಕತೆಯ ರಾಜನನ್ನು ತಂದು ಅವನೆದುರು ನಿಲ್ಲಿಸಿ "ನಿಮ್ಮ ದಂಡಿನ ಪರವಾಗಿ ನೀನೇ ಮಾತಾಡು" ಅನ್ನಿಸಿದೆ. ಐದು ಜೊತೆ ಕಣ್ಣು ಅವನ ಮೇಲೆ. ಹುಡುಗ ಕಿವಿಯವರೆಗೆ ಕೆಂಪಾದ. ಮುಂದಿನ ಎರಡು ಭಾನುವಾರ ಬರಲಿಲ್ಲ.

ಇದನ್ನು ಮಾವನಿಗೆ ಫೋನಿನಲ್ಲಿ ಹೇಳಿದೆ. ಅವರು ಕಿರಿಯ ವಯಸ್ಸಿನಲ್ಲಿ ಸಣ್ಣ ಅರ್ಥಗಳನ್ನು ಹೇಳಿದವರು. ಎದುರು ಕೂತ ಹಿರಿಯರಲ್ಲಿ ಎರಡು ಜಾತಿ ಅಂತೆ. ಒಬ್ಬ ಶಾಸ್ತ್ರದ ಪ್ರಶ್ನೆ ಎಸೆದು ಹೊಸಬ ತಡವರಿಸುವುದನ್ನು ನೋಡುತ್ತಾನೆ. ಇನ್ನೊಬ್ಬ ಉತ್ತರವನ್ನು ಪ್ರಶ್ನೆಯೊಳಗೇ ಅರ್ಧ ಇಟ್ಟು ಕೊಡುತ್ತಾನೆ. ನಾನು ಮೊದಲ ಜಾತಿಯ ಕೆಲಸವನ್ನು ಎರಡನೆಯವನ ಮನಸ್ಸಿಟ್ಟುಕೊಂಡು ಮಾಡಿದ್ದೆ.

ಅದರ ಕೆಳಗೆ ಇನ್ನೊಂದು ಸಂಗತಿ ಇತ್ತು, ನಾಚಿಕೆಯಾಗುವಂಥದ್ದು. ಪುಸ್ತಕ ಇಂಗ್ಲಿಷಿನದು ಅಂತ ನಾವು ಆಟವನ್ನೂ ಇಂಗ್ಲಿಷಿನಲ್ಲೇ ಆಡುತ್ತಿದ್ದೆವು. ಕಾಫಿಗೆ ಎದ್ದರೆ ಕನ್ನಡ, ಕೂತರೆ ಇಂಗ್ಲಿಷ್. ಯಾರೂ ತೀರ್ಮಾನ ಮಾಡಿದ್ದಲ್ಲ. ಹುಡುಗ ಮತ್ತೆ ಬಂದ ದಿನ ಕತೆಯಲ್ಲೊಂದು ಸಂತೆ ಇತ್ತು. ಹಗ್ಗ ಮಾರುವವಳಾಗಿ ನಾನು ಬಾಯಿಗೆ ಬಂದಂತೆ ಕೇಳಿದೆ: "ಏನಪ್ಪಾ, ನೋಡಕ್ ಬಂದ್ಯೋ, ತಗೊಳಕ್ ಬಂದ್ಯೋ?" ಅವನು ತಲೆ ಎತ್ತಿದ. "ತಗೊಳಕ್ಕೇ ಬಂದಿರೋದು. ಮೊದ್ಲು ಹಗ್ಗ ಜಗ್ಗಿ ತೋರ್ಸಮ್ಮ, ಆಮೇಲೆ ರೇಟ್ ಹೇಳು." ಹತ್ತು ನಿಮಿಷ ಚೌಕಾಸಿ. ಹತ್ತು ಚಿನ್ನದ ನಾಣ್ಯದ ಹಗ್ಗ ಮೂರಕ್ಕಿಳಿಯಿತು, ಮೇಲೊಂದು ಲಾಟೀನು. ಫೋನು ಹಿಡಿದಿದ್ದವರು ಕೆಳಗಿಟ್ಟರು. ದಾಳ ಯಾರಿಗೂ ನೆನಪಾಗಲಿಲ್ಲ. ಅವನು ಸೋತ ಆಟಗಾರ ಅಂತ ಮೂರು ತಿಂಗಳು ನಂಬಿದ್ದೆನಲ್ಲ!

ಭಾಗವತನ ದಾರಿ ಎಲ್ಲದಕ್ಕೂ ಸಾಕಾಗುತ್ತದೆ ಅಂದುಕೊಂಡದ್ದು ಮತ್ತೊಂದು ತಪ್ಪು. ನಮ್ಮಲ್ಲೊಬ್ಬ ಆಡುವವನ ಪಾತ್ರ, ಗುಂಪಿನ ಹುಡುಗಿಯೊಬ್ಬಳ ಪಾತ್ರದ ಬೆನ್ನು ಬಿಡುತ್ತಿರಲಿಲ್ಲ. ಡೇರೆಯಲ್ಲಿ ಅವಳ ಪಕ್ಕವೇ ಮಲಗುತ್ತದೆ, ಹೆಂಡದಂಗಡಿಯಲ್ಲಿ ಕೈ ಹಿಡಿಯುತ್ತದೆ. ಕೇಳಿದರೆ "ನನ್ನ ಕ್ಯಾರೆಕ್ಟರೇ ಹಂಗೆ" ಅನ್ನುತ್ತಿದ್ದ. ನಾನು ಪದ ಎತ್ತಿದೆ. ಡೇರೆಗೆ ಬೆಂಕಿ ಹಚ್ಚಿಸಿದೆ, ಅಂಗಡಿಗೆ ಕಳ್ಳರನ್ನು ನುಗ್ಗಿಸಿದೆ. ಜಾಣತನ ಅಂದುಕೊಂಡಿದ್ದೆ. ಹುಡುಗಿ ಏನೂ ಹೇಳಲಿಲ್ಲ. ಬರುವುದನ್ನು ನಿಲ್ಲಿಸಿದಳು.

ಕತೆಯ ಹೊರಗಿನ ಮಾತನ್ನು ಕತೆಯೊಳಗೆ ಆಡಿ ಮುಗಿಸಲು ಹೊರಟಿದ್ದೆ. ಯಾಕೆಂದರೆ ಅದು ಸುಲಭ. ರಾಕ್ಷಸನನ್ನು ಕರೆಸುವುದಕ್ಕೆ ಧೈರ್ಯ ಬೇಡ, ಪರಿಚಯದವನನ್ನು ಮೆಟ್ಟಿಲ ಬಳಿ ನಿಲ್ಲಿಸಿ "ನೀನು ಇನ್ನು ಬರಬೇಡ" ಅನ್ನುವುದಕ್ಕೆ ಬೇಕು. ಕೊನೆಗೆ ಅಂದೆ. "ಆಟ ಅಲ್ವೇನೋ ಇದು?" ಅಂದ ಅವನು. ಉತ್ತರ ಹೊಳೆಯಲಿಲ್ಲ. ಹುಡುಗಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. ಥ್ಯಾಂಕ್ಸ್ ಅಂದಳು. ಬರಲಿಲ್ಲ.

ಈಗ ಹೊಸ ಕತೆ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ದಾಳ ಇಲ್ಲದೆ ಕೂರುತ್ತೇವೆ. ಏನು ಬರಬಹುದು, ಏನು ಬರಕೂಡದು ಅಂತ ಮಾತಾಡಿಕೊಳ್ಳುತ್ತೇವೆ. ಆಡುವವರು ಇದಕ್ಕೆ ಸೆಷನ್ ಜೀರೋ ಅನ್ನುತ್ತಾರೆ. ಮಾವನಿಗೆ ಇದು ಹೊಸತೇನಲ್ಲ. ತಿಳಿದ ಅರ್ಥಧಾರಿಗಳು ಕೂಟಕ್ಕೆ ಮೊದಲು ಚಹಾ ಕುಡಿಯುತ್ತಾ, ಎಲ್ಲಿಯವರೆಗೆ ಜಗ್ಗುವುದು ಅಂತ ಮಾತಾಡಿಕೊಂಡಿರುತ್ತಿದ್ದರಂತೆ.

ಮೊನ್ನೆ ಅವರದೇ ಫೋನು. "ಆ ಪುಸ್ತಕದವ ಈಗಲೂ ಬರ್ತಾನಾ?"

"ಬರ್ತಾನೆ ಮಾವ."

"ಅವನಿಗೊಂದು ವಾಲಿಯಂಥ ಪಾತ್ರ ಕೊಡು. ಕೊನೆಗೆ ಸಾಯ್ಲಿಕ್ಕೆ ಉಂಟು ಅಂತ ಮೊದಲೇ ಹೇಳು."

ಹೇಳಿದೆ. ಎಷ್ಟನೇ ಪುಟದಲ್ಲಿದೆ ಅಂತ ಕೇಳಿದ.